ಹೆಸರಿಗೆ ಬಣ್ಣ ತುಂಬುವ ಕೆಲಸ

ನಮ್ಮಲ್ಲಿ ಹೆಂಗಸರ ಹೆಸರು ಹುಡುಕಬೇಕಾದರೆ ಬೀದಿಯಲ್ಲಿ ಹುಡುಕಬಾರದು, ನೆಟ್ಟಗೆ ಅಡುಗೆಮನೆಗೆ ಹೋಗಬೇಕು. ಡಬರಿ, ಚೊಂಬು, ತಟ್ಟೆ, ಲೋಟಗಳನ್ನು ತಿರುಗಿಸಿ ನೋಡಿದರೆ ಅಲ್ಲೆಲ್ಲ ಸಣ್ಣ ಸಣ್ಣ ಚುಕ್ಕೆಗಳಲ್ಲಿ ಹೆಸರು ಕಾಣುತ್ತದೆ. ಸೀಮಂತಕ್ಕೆ ಬಂದದ್ದು, ಗೃಹಪ್ರವೇಶಕ್ಕೆ ಬಂದದ್ದು, ಚೀಟಿ ಎತ್ತಿದ ಹಣದಲ್ಲಿ ತಾವೇ ಕೊಂಡದ್ದು. ಪಾತ್ರೆ ಅಂಗಡಿಯವನು "ಹೆಸರು ಹಾಕಬೇಕಾ ಅಮ್ಮಾ?" ಎಂದು ಕೇಳಿ, ಗುಂಯ್‌ಗುಡುವ ಯಂತ್ರದ ಮೊನೆಯಿಂದ ಕ್ಷಣದಲ್ಲಿ ಬರೆದುಕೊಡುತ್ತಾನೆ. ಅದೇ ಮನೆಯ ಗೇಟಿನ ಹತ್ತಿರ ಬಂದು ನೋಡಿ. ಯಜಮಾನರ ಹೆಸರಿದೆ, ಅವರ ಡಿಗ್ರಿ ಇದೆ, ಹುದ್ದೆ ಇದೆ, ಪಕ್ಕದಲ್ಲಿ 'ನಿವೃತ್ತ' ಎಂದೂ ಇದೆ. 'ನಾಯಿ ಇದೆ, ಎಚ್ಚರಿಕೆ' ಎಂದು ನಾಯಿಗೂ ಒಂದು ಹಲಗೆ ಇದೆ. ಮನೆಯಾಕೆಯದು ಮಾತ್ರ ಇಲ್ಲ.

ಇದು ನನ್ನ ಕಣ್ಣಿಗೆ ಬಿದ್ದದ್ದು ನಾಮಫಲಕಗಳಿಗೆ ಬಣ್ಣ ತುಂಬುವ ಕೆಲಸಕ್ಕೆ ಸೇರಿದ ಮೇಲೆ. ಹಾಸನದ ನಮ್ಮ ಬೀದಿಯ ತುದಿಯಲ್ಲಿ ಒಬ್ಬ ಹುಡುಗಿ ಲೇಸರ್ ಯಂತ್ರ ಇಟ್ಟುಕೊಂಡು ನಾಮಫಲಕ, ಬಹುಮಾನದ ಫಲಕ ಮಾಡಿಕೊಡುತ್ತಾಳೆ. ಮಕ್ಕಳು ಕೆಲಸಕ್ಕೆಂದು ದೂರ ಹೋದ ಮೇಲೆ ನನ್ನ ಮಧ್ಯಾಹ್ನಗಳು ಖಾಲಿಯಾಗಿದ್ದವು. "ರಂಗೋಲಿ ಎಳೆಯೋ ಕೈ ನಿಮ್ಮದು ಆಂಟಿ, ಇದೇನು ಮಹಾ, ಬನ್ನಿ" ಎಂದು ಕರೆದವಳು ಅವಳೇ.

ಮೊದಲ ದಿನ ಯಂತ್ರ ನೋಡಿ ನನಗೆ ಸೋಜಿಗ. ಉಳಿಯಿಲ್ಲ, ಸುತ್ತಿಗೆಯಿಲ್ಲ. ಬೆಳಕೇ ಕೊರೆಯುತ್ತದೆ, ಆ ಬೆಳಕೂ ಕಣ್ಣಿಗೆ ಕಾಣುವುದಿಲ್ಲ. ಇದು ಇಂಗಾಲದ ಡೈಆಕ್ಸೈಡ್ ಅನಿಲದ ಲೇಸರ್. 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಇದನ್ನು ಕಂಡುಹಿಡಿದ ಕುಮಾರ್ ಪಟೇಲ್ ಹುಟ್ಟಿದ್ದು ಮಹಾರಾಷ್ಟ್ರದ ಬಾರಾಮತಿಯಲ್ಲಿ. ನಮ್ಮ ಕಣ್ಣಿಗೆ ಕಾಣುವ ಬೆಳಕು ಅಕ್ರಿಲಿಕ್ ಹಾಳೆಯೊಳಗೆ ಗಾಜಿನಲ್ಲಿ ಹೋದಂತೆ ಹಾದುಹೋಗುತ್ತದೆ. ಈ ಬೆಳಕನ್ನು ಮಾತ್ರ ಅಕ್ರಿಲಿಕ್ ಹೀರಿಕೊಂಡು ಬಿಸಿಯಾಗಿ, ತಗುಲಿದ ಕಡೆ ಆವಿಯಾಗುತ್ತದೆ. ಅಲ್ಲಿ ಅಕ್ಷರದ ಗುಳಿ ಬೀಳುತ್ತದೆ. ವಾಸನೆ ಮೂಗಿಗೆ ಅಡರುವಂಥದ್ದು, ಹೊಗೆಯನ್ನು ಕೊಳವೆಯಲ್ಲಿ ಹೊರಕ್ಕೆ ಎಳೆಯದಿದ್ದರೆ ಅಂಗಡಿಯಲ್ಲಿ ಕೂರಲಾಗದು.

ಕೊರೆದ ಅಕ್ಷರ ಹಿಮ ಮುಸುಕಿದ ಕಿಟಕಿಯಂತೆ ಬೆಳ್ಳಗೆ ಮಬ್ಬಾಗಿರುತ್ತದೆ. ದೂರದಿಂದ ಓದಿಸಬೇಕಾದರೆ ಬಣ್ಣ ಬೇಕು. ಹಾಳೆಯ ಮೇಲೆ ಕಂಪನಿಯವರೇ ಅಂಟಿಸಿದ ಕಾಗದವೊಂದಿರುತ್ತದಲ್ಲ, ಅದನ್ನು ಕೀಳದೆ ಅದರ ಮೇಲೆಯೇ ಕೊರೆಸುತ್ತೇವೆ. ಅಕ್ಷರದ ಜಾಗದಲ್ಲಿ ಕಾಗದ ಸುಟ್ಟುಹೋಗಿ, ಉಳಿದ ಕಡೆ ಹೊದಿಕೆಯಂತೆ ನಿಲ್ಲುತ್ತದೆ. ಕುಂಚದಿಂದ ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣವನ್ನು ತೆಳುವಾಗಿ ಎರಡು ಸಲ ಬಳಿಯಬೇಕು. ಒಂದೇ ಸಲಕ್ಕೆ ದಪ್ಪನಾಗಿ ಸುರಿದರೆ ಮೇಲೆ ಕೆನೆಗಟ್ಟಿ ಒಳಗೆ ಹಸಿಯಾಗಿಯೇ ಇರುತ್ತದೆ. ಆಮೇಲೆ ಕಾಗದ ಕೀಳುವ ಹೊತ್ತು. ಪಾಕಕ್ಕೆ ಹದ ಇರುವಂತೆ ಇದಕ್ಕೂ ಒಂದು ಹದವಿದೆ. ಬೇಗ ಕಿತ್ತರೆ ಬಣ್ಣ ಹರಡುತ್ತದೆ. ಪೂರಾ ಒಣಗಿದ ಮೇಲೆ ಕಿತ್ತರೆ ಅಕ್ಷರದ ಅಂಚನ್ನೂ ಕಿತ್ತುಕೊಂಡೇ ಬರುತ್ತದೆ. ಮುಟ್ಟಿದರೆ ಬೆರಳಿಗೆ ಅಂಟಬಾರದು, ಉಗುರಿಗೆ ಮಾತ್ರ ಮೆತ್ತಗಿರಬೇಕು, ಆಗಲೇ ಕೀಳಬೇಕು.

ಕನ್ನಡ ಅಕ್ಷರಗಳೊಂದಿಗೆ ಇನ್ನೊಂದು ಪಾಡು. ನಮ್ಮವು ದುಂಡನೆಯ ಅಕ್ಷರಗಳು, ಹೊಟ್ಟೆಯೊಳಗೆ ಸುರುಳಿ, ಸುರುಳಿಯೊಳಗೆ ಸೊನ್ನೆ. ಹೊರಗಿನ ಕಾಗದ ಒಂದೇ ಎಳೆತಕ್ಕೆ ಬಂದರೂ ಆ ಸೊನ್ನೆಯೊಳಗಿನ ಚೂರು ದ್ವೀಪದಂತೆ ಕೂತಿರುತ್ತದೆ. ಸೂಜಿಯ ಮೊನೆಯಿಂದ ಒಂದೊಂದನ್ನೇ ಎತ್ತಬೇಕು. ಠ ಅಕ್ಷರದ ಹೊಟ್ಟೆಯ ಚುಕ್ಕೆಗೆ ಬಣ್ಣ ಹತ್ತದಿದ್ದರೆ ಮನೆಯ ಯಜಮಾನ ವಿಠಲರಾಯರು ವಿರಲರಾಯರಾಗಿಬಿಡುತ್ತಾರೆ!

ಎಷ್ಟು ಜತನ ಮಾಡಿದರೂ ಮೇಲೆ ಅಲ್ಲಲ್ಲಿ ಬಣ್ಣ ಚೆಲ್ಲಿರುತ್ತದೆ. ಅದನ್ನು ಒರೆಸುವುದೇ ಈ ಕೆಲಸದ ಜೀವ. ಬರೀ ಬೆರಳಿಗೆ ಬಟ್ಟೆ ಸುತ್ತಿ ಒರೆಸಿದರೆ ಬಟ್ಟೆ ಗುಳಿಗಿಳಿದು ಒಳಗಿನ ಬಣ್ಣವನ್ನೂ ಎತ್ತಿಕೊಂಡು ಬರುತ್ತದೆ. ಹಳೆಯ ಎಟಿಎಂ ಕಾರ್ಡಿಗೆ ಹತ್ತಿಯ ಬಟ್ಟೆಯನ್ನು ಬಿಗಿಯಾಗಿ ಸುತ್ತಿ, ನೀರಿಗೆ ಅದ್ದಿ, ಹಿಂಡಿ, ಅಡ್ಡಡ್ಡಕ್ಕೆ ಒಂದೇ ದಿಕ್ಕಿನಲ್ಲಿ ಎಳೆಯಬೇಕು. ಪ್ರತಿ ಸಲವೂ ಬಟ್ಟೆಯ ಹೊಸ ಮಗ್ಗುಲು. ಅವಸರ ಸಲ್ಲದು.

ಅವಸರದವರಿಗೆ ನೆನಪಾಗುವುದು ಥಿನ್ನರ್. ಉಗುರುಬಣ್ಣ ತೆಗೆಯಲು ನಾವು ಇಟ್ಟುಕೊಳ್ಳುವ ದ್ರವವೂ ಅದರ ಬಳಗದ್ದೇ, ಅದರಲ್ಲಿರುವ ಅಸಿಟೋನ್ ಅಕ್ರಿಲಿಕ್ಕನ್ನೇ ಕರಗಿಸುತ್ತದೆ. ಸ್ಪಿರಿಟ್ಟೂ ಬೇಡ. ಲೇಸರ್ ತಗುಲಿದ ಅಂಚುಗಳಲ್ಲಿ ಬಿಸಿಯಿಂದ ಒಂದು ಬಿಗಿತ ಉಳಿದಿರುತ್ತದೆ, ಸ್ಪಿರಿಟ್ ಸೋಕಿದರೆ ಅಲ್ಲಿಂದ ಕೂದಲೆಳೆಯಂಥ ಬಿರುಕುಗಳು ಹೊರಡುತ್ತವೆ. ಬೇರೊಂದು ಅಂಗಡಿಯಲ್ಲಿ ಮಾಡಿಸಿದ ಫಲಕವೊಂದನ್ನು ಶಾಲಾ ಶಿಕ್ಷಕಿಯೊಬ್ಬರು ತಂದು ತೋರಿಸಿದ್ದರು. ಅವರ ಹೆಸರಿನ ಸುತ್ತ ಜೇಡ ಬಲೆ ಕಟ್ಟಿದಂತಿತ್ತು. ಸರಿಮಾಡುವ ದಾರಿ ಇರಲಿಲ್ಲ, ಹೊಸದನ್ನೇ ಕೊರೆಸಬೇಕಾಯಿತು. ಹೊಸ ಫಲಕದಲ್ಲಿ ಅವರ ಹೆಸರು ಮೊದಲು, ಗಂಡನದು ಆಮೇಲೆ. ಅಂಥದ್ದನ್ನು ನಾನು ತುಂಬಿದ್ದು ಅದೇ ಮೊದಲು.

ಕಲ್ಲಿನಲ್ಲಿ ಹೆಣ್ಣಿನ ಹೆಸರು ನಮ್ಮ ಜಿಲ್ಲೆಗೆ ಹೊಸತಲ್ಲ. ಶ್ರವಣಬೆಳಗೊಳದಲ್ಲಿ ರಾಣಿ ಶಾಂತಲೆ 1123ರಲ್ಲಿ ಕಟ್ಟಿಸಿದ ಬಸದಿಗೆ ಅವಳ ಬಿರುದೇ ಹೆಸರಾಗಿದೆ, ಸವತಿಗಂಧವಾರಣ ಬಸದಿ. ಅವಳು ರಾಣಿ, ನಡೆಯಿತು. ಉಳಿದವರಿಗೆ ಚೊಂಬೇ ಶಾಸನ. ಪಿತ್ರಾರ್ಜಿತದಲ್ಲಿ ಮಗಳಿಗೂ ಹುಟ್ಟಿನಿಂದಲೇ ಹಕ್ಕೆಂದು ಕರ್ನಾಟಕದಲ್ಲಿ 1994ರಲ್ಲಿ ಕಾನೂನು ಬಂತು, 2005ರಲ್ಲಿ ದೇಶಕ್ಕೆಲ್ಲ ಬಂತು. ಗೇಟಿನವರೆಗೆ ಅದು ನಡೆದು ಬರಲು ಇನ್ನೂ ಸಮಯ ಬೇಕೇನೋ.

ನಮ್ಮ ಮನೆಯ ಗೇಟಿನ ಕಲ್ಲಿನ ಮೇಲೆ ಇದ್ದದ್ದು ತೀರಿಹೋದ ಮಾವನವರ ಹೆಸರು. ಮಳೆಗೆ ಬಣ್ಣ ತೊಳೆದುಹೋಗಿ ಬರೀ ಗುಳಿ ಉಳಿದಿತ್ತು. ಮನೆಗೆ ಸುಣ್ಣಬಣ್ಣ ಮಾಡಿಸುವಾಗ, ಆ ಕಲ್ಲಿಗೂ ಬಣ್ಣ ತುಂಬಿ ಪಕ್ಕದಲ್ಲಿ ಅತ್ತೆಯವರ ಹೆಸರಿನದೊಂದು ಫಲಕ ಹಾಕೋಣ ಎಂದೆ. ಬೆಂಗಳೂರಿನಿಂದ ಮೈದುನನ ಫೋನು ಬಂತು. "ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ ಅತ್ತಿಗೆ? ಅಪ್ಪನ ಮನೆ ಅದು." ಯಜಮಾನರು ಎರಡು ದಿನ ಸುಮ್ಮನಿದ್ದು, "ಅಮ್ಮನನ್ನೇ ಕೇಳು" ಎಂದರು.

ಅತ್ತೆ ಮೊದಲು ನಕ್ಕರು. "ಕಳ್ಳ ಒಯ್ಯಬಾರದು ಅಂತ ಪಾತ್ರೆಗೆ ಹೆಸರು ಹಾಕಿಸ್ತಿದ್ವಿ. ಮನೇನ ಯಾರು ಒಯ್ತಾರೆ ಕಣೇ?" ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಈ ಸೈಟಿಗೆ ಅಂತ ನನ್ನ ಎರಡೆಳೆ ಸರ ಮಾರಿದ್ದು ನಿಮ್ಮ ಮಾವನಿಗೂ ಗೊತ್ತಿತ್ತು. ಕಲ್ಲು ಬರೆಸುವಾಗ ಮರೆತರೋ ಏನೋ." ಆ ಮಾತನ್ನು ನಾನು ಫೋನಿನಲ್ಲಿ ಹಾಗೆಯೇ ಹೇಳಿದೆ. ಆ ಕಡೆಯಿಂದ ಮಾತು ಬರಲಿಲ್ಲ.

ಅಂಗಡಿಯಿಂದ ಒಂದು ಮಾದರಿ ಫಲಕ ತಂದು ಅತ್ತೆಯ ಕೈಗಿಟ್ಟೆ. ಚೆನ್ನಾಗಿ ಕಾಣಲೆಂದು ಹಿಂಬದಿಯಿಂದ ಅಕ್ಷರಗಳನ್ನು ತಿರುಗುಮುರುಗಾಗಿ ಕೊರೆದು ಬಣ್ಣ ತುಂಬಿದ್ದು. ಮುಂದಿನಿಂದ ನುಣ್ಣಗೆ, ಧೂಳು ಕೂರದು, ಬಣ್ಣ ಸವೆಯದು. ಅತ್ತೆಗೆ ಕಣ್ಣು ಮಂಜು. ಬೆರಳಾಡಿಸಿ, "ಎಲ್ಲೇ ಹೆಸರು?" ಎಂದರು. ತಮ್ಮ ಲೋಟವನ್ನು ಅವರು ಗುರುತು ಹಿಡಿಯುವುದೇ ಆ ಚುಕ್ಕೆಗಳ ಮೇಲೆ ಹೆಬ್ಬೆರಳಾಡಿಸಿ ಎಂಬುದು ನನಗೆ ಆಗ ಅರ್ಥವಾಯಿತು.

ಹುಡುಗಿಗೆ ಹೇಳಿ ಮುಂಬದಿಯಿಂದಲೇ ಆಳವಾಗಿ ಕೊರೆಸಿದೆ. ಗುಳಿ ಮುಚ್ಚದಂತೆ ತೆಳುವಾಗಿ ಕುಂಕುಮ ಬಣ್ಣ ಬಳಿದು, ಒರೆಸುವುದಕ್ಕೆ ಒಂದು ಇಡೀ ಮಧ್ಯಾಹ್ನ ಕೊಟ್ಟೆ. ಗುಳಿಗೆ ಧೂಳು ಕೂರುತ್ತದೆ, ನಿಜ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿದರಾಯಿತು.

ಫಲಕ ಕೂರಿಸಿದ ದಿನ ಅತ್ತೆ ಗೇಟಿನ ಹತ್ತಿರ ನಿಂತು ತಲೆಕಟ್ಟಿನಿಂದ ಒತ್ತಕ್ಷರದವರೆಗೆ ಬೆರಳಿನಲ್ಲಿ ಓದಿದರು. ಅಕ್ಷರ ಮುಗಿದ ಮೇಲೂ ಬೆರಳು ಕೆಳಗಿಳಿದು ನುಣುಪಾದ ಜಾಗದಲ್ಲಿ ನಿಂತಿತು. "ಇಲ್ಲಿ ಇಷ್ಟು ಖಾಲಿ ಬಿಟ್ಟಿದ್ದೀಯಲ್ಲ," ಎಂದರು, "ನಿನ್ನದನ್ನ ಯಾವಾಗ ಕೊರೆಸ್ತೀ?"