ಅಡುಗೆಮನೆಯಲ್ಲಿ ಹವಾಯಿ ಚಪ್ಪಲಿ

ನಮ್ಮಮ್ಮ ಚಪ್ಪಲಿ ಹಾಕಿಕೊಂಡು ಅಡುಗೆಮನೆಗೆ ಕಾಲಿಟ್ಟವಳಲ್ಲ. ಚನ್ನರಾಯಪಟ್ಟಣದ ಕಡೆಯ ನಮ್ಮ ಹಳ್ಳಿಮನೆಯಲ್ಲಿ ಚಪ್ಪಲಿಗೆ ಜಗುಲಿಯೇ ಗಡಿ. ಬೆಂಗಳೂರಿನ ಫ್ಲ್ಯಾಟಿಗೆ ಬಂದಾಗ, ನೆಲ ತಣ್ಣಗಿದೆ, ಮಂಡಿ ಹಿಡ್ಕೊಳ್ಳುತ್ತೆ, ಒಳಗೆ ಹಾಕ್ಕೊಳ್ಳೋಕೆ ಅಂತಲೇ ಒಂದು ಜೊತೆ ತಂದಿದೀನಿ ಅತ್ತೆ ಎಂದು ನನ್ನ ಹೆಂಡತಿ ಎಷ್ಟು ಹೇಳಿದರೂ ಕೇಳಿರಲಿಲ್ಲ. ಅಂಥವಳು ಕಳೆದ ತಿಂಗಳು ಒಂದು ಬೆಳಿಗ್ಗೆ ಅದೇ ಹವಾಯಿ ಚಪ್ಪಲಿ ಮೆಟ್ಟಿಕೊಂಡು ಒಲೆ ಮುಂದೆ ನಿಂತು ಅಕ್ಕಿರೊಟ್ಟಿ ಬೇಯಿಸ್ತಿದ್ದಳು. ನಾನು ಕಾಫಿ ಲೋಟ ಹಿಡಿದು ಲ್ಯಾಪ್‌ಟಾಪ್ ಕಡೆ ಹೊರಟಿದ್ದೆ. "ಪರವಾಗಿಲ್ವಲ್ಲಮ್ಮ, ಸಿಟಿಯವಳಾಗ್ಬಿಟ್ಟೆ" ಅಂದೆ. ನಕ್ಕು ಸುಮ್ಮನಾದಳು.

ಒಲೆ ಹೊಸದು. ಗ್ರಾನೈಟ್ ಕೊರೆದು ಒಳಗೆ ಕೂರಿಸುತ್ತಾರಲ್ಲ, ಅಂಗಡಿಯವರ ಭಾಷೆಯಲ್ಲಿ ಹಾಬ್. ಹಳೆಯದರ ಗಾಜು ಸೀಳಿತ್ತು, ಅದೇ ಅಳತೆಯದನ್ನು ಹುಡುಕಿ ತಂದಿದ್ದೆ. ಆದರೆ ಹಳೆಯದಕ್ಕೆ ಕಿಡಿ ಹಾರಿಸಲು ಒಂದು ಬ್ಯಾಟರಿ ಸಾಕಿತ್ತು. ಇದರ ಹೊಟ್ಟೆಯಿಂದ ಮೂರು ಪಿನ್ನಿನ ಪ್ಲಗ್ಗಿರುವ ವೈರು ನೇತಾಡುತ್ತಿತ್ತು. ಕೂರಿಸಲು ಬಂದ ಹುಡುಗ ಗ್ಯಾಸ್ ಪೈಪ್ ಜೋಡಿಸಿ, ಸೋಪಿನ ನೊರೆ ಹಚ್ಚಿ ಲೀಕ್ ನೋಡಿ, "ಕರೆಂಟ್ ಪಾಯಿಂಟ್ ನಮ್ದಲ್ಲ ಸಾರ್, ಅಲ್ಲೀತನಕ ಬೆಂಕಿಕಡ್ಡೀಲಿ ಹಚ್ಕೊಳ್ಳಿ" ಎಂದು ಹೊರಟುಹೋದ. ಮಾರನೇ ದಿನ ಯಾರೋ ಹೇಳಿದರೆಂದು ಒಬ್ಬ ಎಲೆಕ್ಟ್ರೀಷಿಯನ್ನನ್ನು ಕರೆದೆ. ಚಿಮಣಿಯ ಬೋರ್ಡಿನಿಂದ ವೈರ್ ಎಳೆದು, ಒಲೆ ಕೆಳಗಿನ ಕಪಾಟಿನಲ್ಲಿ ಸಾಕೆಟ್ ಕೂರಿಸಿ, ಅರ್ಧ ಗಂಟೆಯಲ್ಲಿ ಮುಗಿಸಿದ. ಗುಬುಟು ತಿರುಗಿಸಿದರೆ ಕಟ ಕಟ ಕಟ, ಭಗ್. ನಾನು ಅಲ್ಲೇ ನಿಂತು ಫೋನಿನಲ್ಲಿ ದುಡ್ಡು ಕಳಿಸಿ, ಥ್ಯಾಂಕ್ಸ್ ಬೇರೆ ಹೇಳಿದೆ. ಕೆಲಸ ಮಾಡ್ತಿದೆ ಅಂದಮೇಲೆ ಒಳಗೆ ಏನಿದೆ ಅಂತ ನೋಡದಿರುವುದು ನಮ್ಮ ಸಾಫ್ಟ್‌ವೇರಿನವರಿಗೆ ಹೊಸದೇನಲ್ಲ.

ಎರಡು ದಿನ ಬಿಟ್ಟು ರಾತ್ರಿ ಹಾಲು ಬಿಸಿಮಾಡಲು ಬರಿಗಾಲಲ್ಲಿ ಹೋದೆ. ಒಂದು ಕೈ ಗುಬುಟಿನ ಮೇಲೆ, ಇನ್ನೊಂದರ ಬೆರಳು ಬರ್ನರ್ ಕೆಳಗಿನ ಸ್ಟೀಲಿಗೆ ತಾಗಿತು. ಮೊಣಕೈವರೆಗೂ ಜುಮ್!

"ಅಮ್ಮ, ನಿಂಗೂ ಹಿಂಗಾಗಿತ್ತಾ?"

"ಸ್ವಲ್ಪ ಜುಮ್ ಅಂತದೆ ಕಣಪ್ಪ. ಚಪ್ಲಿ ಹಾಕ್ಕೊಂಡ್ರೆ ಏನೂ ಆಗಕಿಲ್ಲ."

"ಹೇಳೋದಲ್ವಾ?"

"ಅಷ್ಟೊಂದು ದುಡ್ಡು ಕೊಟ್ಟು ತಂದಿದ್ದೀಯ. ಹೆಂಗೆ ಹೇಳಾದು?"

ಚಪ್ಪಲಿಯ ಉಪಾಯ ಅಪ್ಪನದು. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಮನೆಯ ಇಸ್ತ್ರಿಪೆಟ್ಟಿಗೆ ಹೀಗೇ ಹೊಡೆಯುತ್ತಿತ್ತು. ರಿಪೇರಿ ಅಂದರೆ ಪೇಟೆಗೆ ಹೋಗಬೇಕು. "ಚಪ್ಲಿ ಮೆಟ್ಕೊಂಡು ಮಾಡಿ" ಅಂದರು ಅಪ್ಪ. ನನ್ನ ಯೂನಿಫಾರ್ಮೆಲ್ಲ ಅಮ್ಮ ಹಾಗೇ ಇಸ್ತ್ರಿ ಮಾಡಿದ್ದು.

ಹೇಳಿಕೊಳ್ಳಲು ನಾಚಿಕೆ, ನಾನು ಓದಿದ್ದು ಎಲೆಕ್ಟ್ರಿಕಲ್ ಬಿಇ. ಪೈಪ್ ಅರ್ಥಿಂಗ್ ಬಗ್ಗೆ ಪುಟಗಟ್ಟಲೆ ಬರೆದಿದ್ದೇನೆ: ಗುಂಡಿ, ನಡುವೆ ಜಿಐ ಪೈಪು, ಸುತ್ತ ಒಂದು ಪದರ ಇದ್ದಿಲು ಒಂದು ಪದರ ಉಪ್ಪು, ಬೇಸಿಗೆಯಲ್ಲಿ ನೀರು ಹಾಕಲು ಮೇಲೊಂದು ಫನೆಲ್. ಚಿತ್ರ ಸ್ಕೇಲ್ ಇಟ್ಟು ಬಿಡಿಸಿದ್ದೆ. ಕ್ಯಾಂಪಸ್ಸಿನಲ್ಲಿ ಸಾಫ್ಟ್‌ವೇರ್ ಕೆಲಸ ಸಿಕ್ಕಿತು, ಆಮೇಲೆ ಟೆಸ್ಟರ್ ಕೂಡ ಮುಟ್ಟಿಲ್ಲ.

ಈ ಸಲ ವಯಸ್ಸಾದ ವೈರ್‌ಮನ್ ಒಬ್ಬರು ಸಿಕ್ಕಿದರು. ಬಂದವರೇ ಮೊದಲು ಸಿಲಿಂಡರಿನ ರೆಗ್ಯುಲೇಟರ್ ಆಫ್ ಮಾಡಿಸಿದರು, ಆಮೇಲೆ ಮೇನ್ ಸ್ವಿಚ್. ಸಾಕೆಟ್ ಬಿಚ್ಚಿ ನನ್ನನ್ನು ಕರೆದು ಟಾರ್ಚ್ ಬಿಟ್ಟರು. ಕೆಂಪು ವೈರ್ ಇದೆ, ಕಪ್ಪು ಇದೆ. ಮೇಲಿನ ದೊಡ್ಡ ತೂತಿನ ಹಿಂದೆ ಏನೂ ಇಲ್ಲ, ಸ್ಕ್ರೂ ಕೂಡ ಮುಟ್ಟಿಲ್ಲ.

"ಒಲೇಲಿ ಮೂರು ವೈರ್ ಇದಾವೆ ಸಾರ್. ಕಂದು, ನೀಲಿ, ಹಸಿರು-ಹಳದಿ. ಗೋಡೇಲಿ ಎರಡೇ. ಆ ಹಸಿರು-ಹಳದಿ ಎಲ್ಲಿಗೆ ಹೋಗ್ಬೇಕು?"

ಅರ್ಥ್ ಪಿನ್ನು ಮಿಕ್ಕೆರಡಕ್ಕಿಂತ ಉದ್ದ ಇರುವುದೇ ಅದು ಮೊದಲು ತಾಗಲಿ, ಕಡೆಗೆ ಬಿಡಲಿ ಅಂತ. ಅಷ್ಟು ಉದ್ದದ ಪಿನ್ನು ಹೋಗಿ ಖಾಲಿ ತೂತಿನಲ್ಲಿ ಕೂತಿತ್ತು. ಕಟ ಕಟ ಅನ್ನುವಾಗ ಸಾವಿರಾರು ವೋಲ್ಟಿನ ಕಿಡಿ ಬರ್ನರಿಗೆ ಹಾರುತ್ತದೆ. ವಾಪಸ್ ಹೋಗಲು ಸರಿಯಾದ ದಾರಿ ಇಲ್ಲದಿದ್ದರೆ ಮುಟ್ಟಿದವರ ಕೈಯೇ ದಾರಿ. ಅದು ಬರೀ ಜುಮ್. ಒಳಗಿನ ಫೇಸ್ ವೈರು ಎಂದಾದರೂ ಸುಲಿದು ಸ್ಟೀಲಿಗೆ ತಾಗಿದ್ದರೆ, ಒದ್ದೆ ಕೈಯಲ್ಲಿ ಮುಟ್ಟಿದ್ದರೆ... ಬೋರ್ಡಿನಲ್ಲಿ ಆರ್‌ಸಿಸಿಬಿ ಇದೆಯಲ್ಲ ಅಂದೆ. "ಅದು 30 ಮಿಲಿಆಂಪಿಗೆ ಬೀಳ್ತದೆ ಸಾರ್. ಅರ್ಥ್ ಇದ್ರೆ ನೀವು ಮುಟ್ಟೋಕೆ ಮುಂಚೆ ಬೀಳ್ತದೆ, ಇಲ್ದಿದ್ರೆ ನೀವು ಮುಟ್ಟಿದ ಮೇಲೆ."

ಪೈಪಿನಲ್ಲಿ ಜಾಗ ಇಲ್ಲ ಅಂತ ಮೊದಲಿನವನು ಬಿಟ್ಟಿದ್ದನೋ, ಸೋಮಾರಿತನವೋ, ಗೊತ್ತಿಲ್ಲ. ಇವರು ಸ್ಪ್ರಿಂಗ್ ತೂರಿಸಿ, ಬೆವರು ಸುರಿಸಿ ಹಸಿರು ವೈರ್ ಎಳೆದೇಬಿಟ್ಟರು. ಸಾಕೆಟ್ಟನ್ನೂ ಒಲೆಯ ನೇರ ಕೆಳಗಿಂದ ಪಕ್ಕದ ಕಪಾಟಿಗೆ ಸರಿಸಿದರು, ಶಾಖ ತಾಗಬಾರದು, ಆರಿಸಲು ಕೈಗೂ ಸಿಗಬೇಕು ಅಂತ. ವೈರು ಗ್ಯಾಸ್ ಟ್ಯೂಬಿಗೆ ತಾಗದಂತೆ ಕ್ಲಿಪ್ ಹೊಡೆದರು. ಕೊನೆಗೆ ಚೀಲದಿಂದ ಎರಡು ವೈರ್ ನೇತಾಡುವ ಹೋಲ್ಡರಿನ ಬಲ್ಬ್ ತೆಗೆದು, ಒಂದು ತುದಿ ಫೇಸಿಗೆ, ಇನ್ನೊಂದು ಅರ್ಥಿಗೆ ಇಟ್ಟರು. ಇಡೀ ಮನೆಯ ಕರೆಂಟ್ ಟಕ್ಕನೆ ಹೋಯಿತು. ಮಗಳು ಟಿವಿ ಮುಂದಿನಿಂದ ಕಿರುಚಿಕೊಂಡಳು. "ಸರಿಯಾಗದೆ" ಅಂದರು ಅವರು, ಬೋರ್ಡಿನ ಕಡೆ ನಡೆಯುತ್ತಾ.

ಅಮ್ಮ ಇಷ್ಟೂ ಹೊತ್ತು ಬಾಗಿಲಲ್ಲೇ ನಿಂತು ನೋಡುತ್ತಿದ್ದಳು. ಕರೆಂಟ್ ಬಂದಮೇಲೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದಳು. ಗುಬುಟು ತಿರುಗಿಸಿ, ಕಟ ಕಟ ಅನ್ನುವಾಗಲೇ ಅಂಗೈಯ ಹಿಂಬದಿಯಿಂದ ಸ್ಟೀಲನ್ನು ಒಂದು ಸಲ ಮುಟ್ಟಿದಳು. ಮತ್ತೊಂದು ಸಲ. ಏನೂ ಇಲ್ಲ.

ವೈರ್‌ಮನ್‌ಗೆ ಕಾಫಿ ಕೊಡುತ್ತಾ ಕೇಳಿದಳು, "ಅಲ್ಲ ಕಣಣ್ಣ, ಊರಲ್ಲಿ ನಮ್ ಫ್ರಿಡ್ಜಿಗೂ ಹಿಂಗೇ ಮಾಡ್ಬೋದಾ? ಬಾಗ್ಲು ತೆಗೆಯೋವಾಗೆಲ್ಲ ಚಪ್ಲಿ ಹುಡಿಕ್ಕೋಬೇಕು."

ಆ ಫ್ರಿಡ್ಜ್ ನನ್ನ ಮೊದಲ ವರ್ಷದ ಬೋನಸ್ಸಿನಲ್ಲಿ ಕೊಡಿಸಿದ್ದು. ಹನ್ನೆರಡು ವರ್ಷವಾಯಿತು.

"ಮಾಡ್ಬೋದು ತಾಯಿ" ಅಂದರು ಅವರು. ಬರುವ ಭಾನುವಾರ ಬಸ್ಸಿಗೆ ಎರಡು ಟಿಕೆಟ್ ತೆಗೆದಿದ್ದೇನೆ, ಅವರಿಗೊಂದು, ನನಗೊಂದು. ಇದ್ದಿಲು ಊರಲ್ಲೇ ಸಿಗುತ್ತದಂತೆ. ಗುಂಡಿ ನಾನೇ ತೋಡಬೇಕು.