ಗಾಳಿಯಲ್ಲಿ ನಿಂತ ಮೋಡ

ಗಾಳಿ ಓಡುತ್ತಿದ್ದರೂ ಮೋಡ ನಿಂತೇ ಇರುವುದುಂಟು. ಆಷಾಢದಲ್ಲಿ ನಿಟ್ಟುವಳ್ಳಿಯ ನಮ್ಮ ತಾರಸಿಯಿಂದ ನೋಡಿದರೆ ಕೆಳಗಿನ ಮೋಡದ ಚೂರುಗಳು ಪಡುವಣದಿಂದ ಬಂದು ನೀರಿನ ಟ್ಯಾಂಕು ದಾಟಿ ಓಡುತ್ತಿರುತ್ತವೆ. ಅವುಗಳ ಮೇಲೆ ಕೆಲವು ದಿನ, ಕುಂಟೆ ಹೊಡೆದಂತೆ, ಉತ್ತರ-ದಕ್ಷಿಣವಾಗಿ ಬಿಳಿ ಸಾಲುಗಳು. ಅವು ಕದಲುವುದಿಲ್ಲ.

"ಮ್ವಾಡ ನಿಂತೈತಲ್ಲ, ಬರ್ತತಿ ಬಿಡು" ಎನ್ನುತ್ತಾರೆ ಅಪ್ಪ. ನಮ್ಮ ಹೊಲಕ್ಕೆ ಭದ್ರಾ ನಾಲೆಯ ನೀರಿಲ್ಲ. ಮೆಕ್ಕೆಜೋಳ ಮೊಣಕಾಲೆತ್ತರ ಬಂದಾಗ ಮೇಲುಗೊಬ್ಬರ ಹಾಕಬೇಕು, ಅದಕ್ಕೆ ಮಣ್ಣಲ್ಲಿ ಹಸಿ ಬೇಕು. ಇಲ್ಲದಿದ್ದರೆ ದುಡ್ಡು ಕೊಟ್ಟು ತಂದ ಯೂರಿಯಾದ ಒಂದು ಪಾಲು ಅಮೋನಿಯಾ ಆಗಿ ಗಾಳಿಗೇ ಹೋಗುತ್ತದೆ. ಹಾಗಾಗಿ ನಿಂತ ಮೋಡ ಯಾವುದು ಎಂಬುದು ನಮ್ಮ ಮನೆಯಲ್ಲಿ ಬರೀ ಕುತೂಹಲದ ಪ್ರಶ್ನೆಯಲ್ಲ.

ಹರಿಹರದಲ್ಲಿ ಹೊಳೆ ಇಳಿದಾಗ ಮುಳುಗಿದ ಬಂಡೆಯ ಆಚೆ ನೋಡಿ. ನೀರು ಬಂಡೆ ಹತ್ತಿ ಇಳಿದು, ಮತ್ತೆ ಏರಿ, ಮತ್ತೆ ಇಳಿಯುತ್ತದೆ. ನೀರು ಹೋಗುತ್ತಲೇ ಇದ್ದರೂ ಅಲೆ ಅಲ್ಲೇ ಇರುತ್ತದೆ. ಘಟ್ಟ ದಾಟಿದ ಗಾಳಿಯೂ ಹೀಗೆಯೇ. ಕುದುರೆಮುಖದ ಎತ್ತರ 1,894 ಮೀಟರ್. ಅಂಥ ಸಾಲನ್ನು ಹತ್ತಿ ಇಳಿದ ಗಾಳಿ, ಮೇಲಿನ ವಾತಾವರಣ ಅಲುಗದೆ ಪದರ ಪದರವಾಗಿದ್ದರೆ, ಮೂಡಣದ ಕಡೆ ಬಹುದೂರ ಅಲೆಯಾಡುತ್ತ ಬರುತ್ತದೆ. ಅಲೆಯ ನೆತ್ತಿಯಲ್ಲಿ ಗಾಳಿ ತಣಿದು ಆವಿ ಹನಿಗಟ್ಟುತ್ತದೆ, ಇಳಿಜಾರಲ್ಲಿ ಬೆಚ್ಚಗಾಗಿ ಕರಗುತ್ತದೆ. ಮೋಡ ಒಂದು ಅಂಚಿನಲ್ಲಿ ಹುಟ್ಟುತ್ತಲೇ ಇನ್ನೊಂದು ಅಂಚಿನಲ್ಲಿ ಸಾಯುತ್ತಿರುತ್ತದೆ. ನಾವು ನೋಡುವುದು ವಸ್ತುವನ್ನಲ್ಲ, ಜಾಗವನ್ನು.

1933ರಲ್ಲಿ ವೋಲ್ಫ್ ಹಿರ್ಟ್ ಎಂಬ ಜರ್ಮನ್ ಹಾರಾಟಗಾರ ಎಂಜಿನ್ನಿಲ್ಲದ ಗ್ಲೈಡರಿನಲ್ಲಿ ಇಂಥ ಅಲೆಯ ಏರುಗಾಳಿ ಹಿಡಿದು ಮೇಲೇರಿದ. ಅಲ್ಲಿನ ಜನ ಆ ಮೋಡಕ್ಕೆ ಗಾಟ್ಲೀಬ್ ಮೋಟ್ಸ್ ಎಂಬ ರೈತನ ಹೆಸರು ಇಟ್ಟಿದ್ದರಂತೆ. ಪೈಲಟ್ಟಿಗಿಂತ ಮೊದಲು ಅದನ್ನು ಗಮನಿಸಿದ್ದು ಹೊಲದವನೇ ಎಂಬುದು ನನಗೆ ಖುಷಿ ಕೊಡುವ ಸಂಗತಿ.

ಇಂಥ ತೆಳು ಮೋಡದಿಂದ ಮಳೆ ಬೀಳುವುದು ಅಪರೂಪ. ಗಾಳಿ ಅದನ್ನು ಬೇಗನೆ ಹಾದುಹೋಗುವುದರಿಂದ ಹನಿ ದಪ್ಪವಾಗಲು ಸಮಯ ಸಿಗುವುದಿಲ್ಲ. ದೊಡ್ಡ ಪಾಲು ನೀರನ್ನಂತೂ ಘಟ್ಟವೇ ಇಳಿಸಿಕೊಂಡಿರುತ್ತದೆ: ಆಗುಂಬೆಗೆ ವರ್ಷಕ್ಕೆ ಸುಮಾರು 7,600 ಮಿಲಿಮೀಟರ್, ನಮಗೆ 650ರ ಆಸುಪಾಸು.

ಎಲ್ಲ ಸಾಲುಮೋಡವೂ ಘಟ್ಟದ ಅಲೆಯದ್ದಲ್ಲ. ಕರೆಂಟು ಕಂಬದ ತುದಿಗೆ ಮೋಡದ ಅಂಚು ತಾಗಿಸಿಕೊಂಡು ಹತ್ತು ನಿಮಿಷ ನಿಲ್ಲಿ. ಅಂಚು ಸರಿದರೆ ಅದು ಬೇರೆ ಮೋಡ. ಸರಿಯದಿದ್ದರೆ ಗೊಬ್ಬರದ ಚೀಲ ಬಿಚ್ಚಬೇಡಿ. ನಮ್ಮ ಕಡೆಯ ಹದಮಳೆ ಬಹಳ ಸಲ ಸಂಜೆ ಗುಡುಗಿನ ಜೊತೆ ಬರುತ್ತದೆ; ಅದರ ಮೋಡ ಬುಡ ಕಪ್ಪಾಗಿ, ಹೂಕೋಸಿನ ಹಾಗೆ ಮೇಲಕ್ಕೆ ಬೆಳೆಯುತ್ತದೆ.