ಮಂದ್ರದ ಪಂಚಮ

ಕೊಳಲು ಕಲಿತವರ ಮನೆಯಲ್ಲಿ ತಾರಸ್ಥಾಯಿಗೆ ದೊರೆಯುವ ಮರ್ಯಾದೆ ಮಂದ್ರಕ್ಕೆ ದೊರೆಯುವುದು ಅಪೂರ್ವ. ಮೇಲಿನ ಷಡ್ಜವನ್ನು ಮುಟ್ಟಿ ನಿಲ್ಲಿಸಿದ ಹುಡುಗನನ್ನು ನೆಂಟರಿಷ್ಟರು ಕೊಂಡಾಡುತ್ತಾರೆ. ಕೆಳಗಿನ ಪಂಚಮಕ್ಕೆ ಇಳಿಯುವಾಗ ಅವನ ನಾದವು ಬರಿಯ ಗಾಳಿಯಾಗಿ ಹೋದರೆ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಲೆನಾಡಿನ ಸೆರಗಿನ ಒಂದು ಊರಿನಲ್ಲಿ ಗಣಿತವನ್ನು ಹೇಳಿಕೊಟ್ಟು ನಿವೃತ್ತರಾದ ಮೇಷ್ಟರೊಬ್ಬರು ಮೂವತ್ತು ವರ್ಷ ಹೀಗೆಯೇ ಊದಿದವರು. ಗಣೇಶನ ಹಬ್ಬಕ್ಕೂ ರಾಮೋತ್ಸವಕ್ಕೂ ಐದು ಮನೆ ಶ್ರುತಿಯ ಕೊಳಲನ್ನು ಹಿಡಿದು ಕುಳಿತರೆ ಭಜನೆಯ ಮಂದಿಯ ಗದ್ದಲದ ಮೇಲೆಯೂ ಅವರ ನಾದವು ಕೇಳುತ್ತಿದ್ದಿತು. ಮಂದ್ರಕ್ಕೆ ಹೋಗಬೇಕಾದೆಡೆಯಲ್ಲಿ ಅವರು ಜಾಣತನದಿಂದ ಮೇಲಿನ ಸ್ಥಾಯಿಗೆ ಜಾರಿಕೊಳ್ಳುತ್ತಿದ್ದರು. ಅದನ್ನು ಕಂಡುಹಿಡಿದವರು ಅವರ ಅಕ್ಕ ಒಬ್ಬರೇ.

ಅಕ್ಕನವರು ತಮ್ಮ ಯಜಮಾನರು ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದವರು. ಒಂದು ಕಾಲಕ್ಕೆ ಐದು ಮನೆಯಲ್ಲಿ ಹಾಡುತ್ತಿದ್ದರು. ಸಂಜೆ ದೀಪ ಹಚ್ಚಿದ ಮೇಲೆ ಅಕ್ಕನ ಹಾಡು, ತಮ್ಮನ ಕೊಳಲು, ಇದು ಆ ಮನೆಯ ಪದ್ಧತಿಯಾಗಿದ್ದಿತು. ವಯಸ್ಸಾದಂತೆ ಅವರ ಶಾರೀರವು ಇಳಿಯುತ್ತ ಬಂದಿತು. ಕೊಳಲಿನ ಶ್ರುತಿಗೆ ಏರಲಾರದೆ ಎರಡು ಮೂರು ಸಲ ದನಿಯು ಒಡೆದುಹೋದ ಬಳಿಕ, “ಗಂಟಲು ಹಳತಾಯಿತು ಕಣೋ, ನೀನು ಊದಿಕೋ” ಎಂದು ಹೇಳಿ ಹಾಡುವುದನ್ನೇ ಬಿಟ್ಟರು. ಆದರೆ ಅಡಿಗೆಮನೆಯಲ್ಲಿ ಯಾರೂ ಇಲ್ಲವೆಂದುಕೊಂಡಾಗ ಗುನುಗುತ್ತಿದ್ದರು. ಮೇಷ್ಟರು ಬಾಗಿಲ ಮರೆಯಲ್ಲಿ ನಿಂತು ಕೇಳಿ, ಆ ಷಡ್ಜವನ್ನು ನೆನಪಿನಲ್ಲಿಟ್ಟುಕೊಂಡು ಬಂದು ಹಾರ್ಮೋನಿಯಮ್ಮಿನ ಮೇಲೆ ನೋಡಿದರು. ಮೂರು ಮನೆ. ಮರುವಾರವೇ ಆ ಶ್ರುತಿಗೆ ಸುಮಾರು 30 ಅಂಗುಲದ ಬಿದಿರಿನ ಕೊಳಲನ್ನು ಮಾಡಿಸಿ ತರಿಸಿದರು.

ಇಷ್ಟು ಉದ್ದದ ಕೊಳಲು ಕಚೇರಿಯಲ್ಲಿ ಮನ್ನಣೆ ಪಡೆದುದು ತೀರ ಹಿಂದಿನ ಮಾತಲ್ಲ. ಬಾರಿಸಾಲಿನಲ್ಲಿ 1911ರಲ್ಲಿ ಹುಟ್ಟಿ 1960ರಲ್ಲಿ ತೀರಿಕೊಂಡ ಪನ್ನಾಲಾಲ ಘೋಷರು ಸುಮಾರು 32 ಅಂಗುಲದ ಬಾನ್ಸುರಿಯನ್ನು ಹಿಡಿದು, ಹಿಂದೂಸ್ತಾನಿ ರಾಗದ ನಿಧಾನವಾದ ವಿಸ್ತಾರವನ್ನು ಕೊಳಲಿಗೆ ತಂದರು. ಅದಕ್ಕೆ ಮುಂಚೆ ಬಹು ಮಂದಿಗೆ ಕೊಳಲೆಂದರೆ ಹಕ್ಕಿಯ ದನಿಯೇ ಆಗಿದ್ದಿತು.

ಕೊಳಲು ಬಂದಿತು, ಲೆಕ್ಕವೂ ಸರಿಯಾಗಿದ್ದಿತು. ಆ ಕೊಳಲಿನ ಮಧ್ಯಷಡ್ಜವು ಅಕ್ಕನವರ ಷಡ್ಜಕ್ಕಿಂತ ಒಂದು ಸ್ಥಾಯಿ ಮೇಲೆ. ಆದುದರಿಂದ ಕೊಳಲಿನ ಮಂದ್ರ ಪಂಚಮವೂ ಅವರ ಕಂಠದ ಮಧ್ಯಸ್ಥಾಯಿಯ ಪಂಚಮವೂ ಒಂದೇ. ಅವರ ಪಕ್ಕದಲ್ಲಿ ಕುಳಿತು ಊದಬೇಕಾದರೆ ಮಂದ್ರದಲ್ಲಿಯೇ ಊದಬೇಕು. ಮೂವತ್ತು ವರ್ಷ ತಪ್ಪಿಸಿಕೊಂಡು ತಿರುಗಿದ ಜಾಗಕ್ಕೇ ಮೇಷ್ಟರು ಬಂದು ನಿಂತಿದ್ದರು!

ಮೊದಲ ತಿಂಗಳು ಬರಿಯ ಬುಸುಗುಟ್ಟುವಿಕೆ. ನಾದ ಬಾರದಿದ್ದಾಗ ಅವರು ಇನ್ನಷ್ಟು ಬಲವಾಗಿ ಊದುವರು; ಬಲವಾಗಿ ಊದಿದೊಡನೆ ಸ್ವರವು ಹಾರಿ ಮೇಲಿನ ಸ್ಥಾಯಿಗೆ ಹೋಗಿ ಕುಳಿತುಕೊಳ್ಳುವುದು. ಇದು ಕೊಳಲಿನ ಸ್ವಭಾವ. ತುಟಿಯಿಂದ ಹೊರಟ ಗಾಳಿಯ ಎಳೆಯು ಊದುರಂಧ್ರದ ಆಚೆಯ ಅಂಚಿಗೆ ತಾಗಿ ಒಳಕ್ಕೂ ಹೊರಕ್ಕೂ ತೂಗುತ್ತದೆ. ಎಳೆಯು ವೇಗವಾಗಿದ್ದರೆ ಕೊಳವೆಯೊಳಗಿನ ಗಾಳಿಯು ಇಮ್ಮಡಿ ಕಂಪನಕ್ಕೆ ಜಿಗಿಯುತ್ತದೆ. ನಿಧಾನವಾಗಿದ್ದರೆ ಮಾತ್ರ ಕೆಳಗಿನ ಸ್ವರದಲ್ಲಿ ನಿಲ್ಲುತ್ತದೆ. ಉಸಿರು ಕಡಮೆಯಾಗಬೇಕೆಂದು ಇದರ ಅರ್ಥವಲ್ಲ. ಉಸಿರು ಯಥೇಷ್ಟವಾಗಿರಬೇಕು, ಆತುರವಿರಬಾರದು. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯಲ್ಲಿದ್ದ ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ ಫೂತ್ಕಾರದ ಗುಣಗಳನ್ನೂ ದೋಷಗಳನ್ನೂ ಬೇರೆಬೇರೆಯಾಗಿ ಎಣಿಸಿದ್ದಾನೆ. ಊದುವುದೆಂಬುದು ಎಣಿಸಿ ಹೇಳುವಷ್ಟು ದೊಡ್ಡ ವಿಷಯವೆಂದು ಅವನಿಗೆ ತೋರಿದುದು ಸಹಜವೇ.

ಕೊನೆಗೆ ಮೇಷ್ಟರು ಪಕ್ಕದ ಊರಿನ ವೃದ್ಧ ವಿದ್ವಾಂಸರೊಬ್ಬರ ಬಳಿಗೆ ಹೋದರು. ಅವರು ಒಂದು ಆವರ್ತ ಕೇಳಿ, ಕೊಳಲನ್ನು ಕೆಳಗಿಡಿಸಿ, ಗೋಡೆಯ ಕನ್ನಡಿಯನ್ನು ತೆಗೆದುಕೊಟ್ಟರು. “ಇದರ ಮೇಲೆ ಹಬೆ ಹಿಡಿಸಿ. ದೀಪ ಆರಿಸುವ ಹಾಗೆ ಊದಬೇಡಿ.” ದೀಪವನ್ನು ಆರಿಸುವ ಗಾಳಿಯು ತಣ್ಣಗೆ ಚೂಪಾಗಿರುತ್ತದೆ, ಕನ್ನಡಿಗೆ ಹಬೆ ಹಿಡಿಸುವ ಗಾಳಿ ಬೆಚ್ಚಗೆ ಅಗಲವಾಗಿ, ತೆರೆದ ಗಂಟಲಿನಿಂದ ಬರುತ್ತದೆ. ಆಮೇಲೆ ದವಡೆಯನ್ನು ಸಡಿಲಬಿಟ್ಟು, ಆ ಉಸಿರನ್ನು ತುಸು ಕೆಳಮುಖವಾಗಿ ಅಂಚಿಗೆ ಬಿಡಲು ಹೇಳಿದರು. ನಾದವು ಅರ್ಧ ಬಂದಿತು. ಉಳಿದರ್ಧಕ್ಕೆ ವಿದ್ವಾಂಸರು ಶಿಷ್ಯರ ಬೆರಳುಗಳನ್ನು ತಿರುವಿ ನೋಡಿದರು. ತೂತುಗಳ ಅಂಚು ಒತ್ತಿ ಬೆರಳುಗಳಲ್ಲೆಲ್ಲ ದುಂಡನೆಯ ಗುರುತು ಮೂಡಿದ್ದಿತು. ಎಡಗೈಯ ಉಂಗುರಬೆರಳಿನಲ್ಲಿ ಮಾತ್ರ ಅದು ಬಿದಿಗೆಯ ಚಂದ್ರನಂತೆ ಅರೆಯಾಗಿದ್ದಿತು. ಸ್ವರಗಳು ಕೆಳಗಿಳಿದಂತೆಲ್ಲ ಬೆರಳುಗಳು ಒಂದೊಂದಾಗಿ ತೂತುಗಳ ಮೇಲೆ ಕೂಡುತ್ತ ಬರಬೇಕಷ್ಟೆ? ಮೇಲಿನದೊಂದು ಕೂದಲೆಳೆಯಷ್ಟು ಸೋರಿದರೂ ಮಂದ್ರವು ಹುಟ್ಟದು. ಉದ್ದದ ಕೊಳಲಿನ ಅಂತರಕ್ಕೆ ಎಳೆದು ಚಾಚಿದ ಆ ಬೆರಳು ಜಾರುತ್ತಿದ್ದಿತು. ತಿಂಗಳುಗಟ್ಟಲೆ ಮೇಷ್ಟರು ತುಟಿಯನ್ನು ಬೈದುದೆಲ್ಲ ವ್ಯರ್ಥ.

ಅಲ್ಲಿಂದ ಮುಂದೆ ಸಾಧನೆಯು ಬೆಳಗಿನ ಜಾವಕ್ಕೆ ಬದಲಾಯಿತು. ರಾಗವಿಲ್ಲ, ಕೃತಿಯಿಲ್ಲ, ಷಡ್ಜ, ನಿಷಾದ, ಧೈವತ, ಪಂಚಮ, ಒಂದೊಂದು ಉಸಿರಿಗೆ ಒಂದೊಂದು. ಕೇಳುವವರಿಗೆ ಇದಕ್ಕಿಂತ ಬೇಸರದ ಸಂಗೀತವಿಲ್ಲ. ಮನೆಯ ಮಕ್ಕಳು ಮುಸುಕೆಳೆದುಕೊಂಡರು. ಅಕ್ಕನವರು ಏನೂ ಅನ್ನಲಿಲ್ಲ.

ಧನುರ್ಮಾಸದ ಒಂದು ಮುಂಜಾನೆ, ಚಳಿ ಹೆಚ್ಚಾಗಿದ್ದಿತು. ಮೇಷ್ಟರು ಕೊಳಲನ್ನೆತ್ತಿ ನೇರವಾಗಿ ಪಂಚಮಕ್ಕೆ ಇಳಿದರು. ಈ ಸಲ ಅದು ಬುಸುಗುಟ್ಟಲಿಲ್ಲ. ತುಂಬಿ ಬಂದು ನಿಂತಿತು. ಒಳಗೆ ಮೊರದಲ್ಲಿ ಅಕ್ಕಿ ಕೇರುವ ಸದ್ದು ನಿಂತುಹೋಯಿತು. ಒಂದು ಗಳಿಗೆ ಬಿಟ್ಟು ಅದೇ ಪಂಚಮವು ಅಡಿಗೆಮನೆಯಿಂದಲೂ ಕೇಳಿಬಂದಿತು; ಸಣ್ಣಗೆ, ತುಸು ನಡುಗುತ್ತ, ಕೊಳಲಿಗಿಂತ ಕೂದಲೆಳೆಯಷ್ಟು ಮೇಲೆ.

“ನಿನ್ನದು ಇಳಿದಿದೆಯಲ್ಲೋ, ಬಿದಿರು ತಣ್ಣಗಿದೆ. ಸ್ವಲ್ಪ ಬೆಚ್ಚಗೆ ಮಾಡಿಕೋ,” ಎಂದರು ಅಕ್ಕನವರು.

ಮೇಷ್ಟರು ತೂತುಗಳನ್ನೆಲ್ಲ ಮುಚ್ಚಿ, ಸದ್ದಿಲ್ಲದೆ ಬೆಚ್ಚಗಿನ ಉಸಿರನ್ನು ಕೊಳಲಿನೊಳಕ್ಕೆ ಬಿಡತೊಡಗಿದರು. ಮೊರವನ್ನು ಪಕ್ಕಕ್ಕಿಟ್ಟು ಅಕ್ಕನವರು ಹೊಸಿಲ ಬಳಿ ಬಂದು ಕುಳಿತರು.